ಮಾದರಿ ಕೈ

ನಂದಿಕೆರೆಯಲ್ಲಿ ಯಾರಿಗೆ ನೋವು ಬಂದರೂ ಅದನ್ನು ಮೊದಲು ಯಂತ್ರ ಒಪ್ಪಬೇಕು. ಯಂತ್ರ ಒಪ್ಪಿದರೆ ಡಾಕ್ಟರು ಒಪ್ಪುತ್ತಾರೆ, ಡಾಕ್ಟರು ಒಪ್ಪಿದರೆ ಕಾರ್ಖಾನೆ ಒಪ್ಪುತ್ತದೆ, ಕಾರ್ಖಾನೆ ಒಪ್ಪಿದ ಮೇಲೆ ಅತ್ತೆ ಮಾವಂದಿರೂ ಬೇರೆ ದಾರಿಯಿಲ್ಲದೆ ಒಪ್ಪುತ್ತಾರೆ. ಹಾಗಾಗಿ ನರಳುವ ಕೆಲಸ ಈಗ ಯಾರಿಗೂ ಇಲ್ಲ. ನರಳಿ ಪ್ರಯೋಜನವೂ ಇಲ್ಲ.

ಇದು ಬಂದ ಹೊಸದರಲ್ಲಿ ಜನ ಸಂತೋಷಪಟ್ಟಿದ್ದರು ಎಂದರೆ ಈಗ ನಂಬುವುದು ಕಷ್ಟ. ಹೆಂಗಸರಂತೂ ಆರತಿ ಎತ್ತುವುದೊಂದು ಬಾಕಿ. ಅಲ್ಲಿಯವರೆಗೆ ಸೊಂಟ ನೋವು ಎಂದರೆ ಸೋಮಾರಿತನ, ಕೈ ಜೋಮು ಎಂದರೆ ನಾಟಕ, ತಲೆನೋವು ಎಂದರೆ ತವರಿಗೆ ಹೋಗುವ ಹುನ್ನಾರ ಎಂದೆಲ್ಲ ಕೇಳಿ ಕೇಳಿ ಬೇಸತ್ತವರು ಅವರು. ಇನ್ನು ಮೇಲೆ ನಮ್ಮ ಪರವಾಗಿ ಒಂದು ಯಂತ್ರ ಸಾಕ್ಷಿ ಹೇಳುತ್ತದೆ, ಅದಕ್ಕೆ ಮುಲಾಜಿಲ್ಲ, ಅದರ ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ ಎಂದುಕೊಂಡರು. ಕೊನೆಯ ಮಾತು ನಿಜವೇ ಆಯಿತು.

ಯಂತ್ರದ ಹೆಸರು ನರದರ್ಶಕ. ನೋಡಲು ದೊಡ್ಡದೇನಲ್ಲ. ಮೊಣಕೈವರೆಗೆ ಕೈ ಇಡುವ ಒಂದು ತಟ್ಟೆ, ಮೇಲೊಂದು ಮುಚ್ಚಳ, ಪಕ್ಕದಲ್ಲಿ ಪರದೆ, ಪರದೆಯ ಮೇಲೆ ಎರಡು ದೀಪ, ಕೆಂಪೊಂದು, ಹಸಿರೊಂದು. ಮುಚ್ಚಳ ಮುಚ್ಚಿದರೆ ಬೆರಳ ತುದಿಗೆ ಕರೆಂಟಿನ ಸಣ್ಣದೊಂದು ಚುರುಕು ಮುಟ್ಟಿಸುತ್ತದೆ. ಆ ಚುರುಕು ನರದ ಗುಂಟ ಓಡಿ ಮಣಿಕಟ್ಟು ತಲುಪಲು ಎಷ್ಟು ಹೊತ್ತು ಹಿಡಿಯಿತು, ತಲುಪಿದಾಗ ಎಷ್ಟು ಬಲ ಉಳಿದಿತ್ತು ಎಂದು ಅಳೆಯುತ್ತದೆ. ಆಮೇಲೆ ಕೂದಲೆಳೆಯಂಥ ಸೂಜಿಯೊಂದು ಹೆಬ್ಬೆರಳ ಬುಡದ ಸ್ನಾಯುವಿಗೆ ಇಳಿದು ಅದರ ಸದ್ದು ಆಲಿಸುತ್ತದೆ. ಆರೋಗ್ಯದ ಸ್ನಾಯು ಸುಮ್ಮನಿರುವಾಗ ಸದ್ದು ಮಾಡುವುದಿಲ್ಲ. ನರ ಕೈಬಿಟ್ಟ ಸ್ನಾಯು ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಎನ್ನುತ್ತದೆ. ಹಿಂದೆ ಈ ಸದ್ದನ್ನು ಡಾಕ್ಟರು ಕಿವಿಯಾರೆ ಕೇಳಿ ತೀರ್ಮಾನಿಸುತ್ತಿದ್ದರು. ಈಗ ಯಂತ್ರವೇ ಕೇಳಿಸಿಕೊಳ್ಳುವುದರಿಂದ ಸ್ಪೀಕರಿನ ಬಾಯಿಗೆ ಬೀಗ. ಕೆಂಪು ಹತ್ತಿದರೆ ಸುದ್ದಿ ತಾನಾಗಿ ಕಾರ್ಖಾನೆಗೆ ಹೋಗಿ ರಜೆಯೂ ಚಿಕಿತ್ಸೆಯೂ ಸಿಗುತ್ತದೆ. ಹಸಿರು ಹತ್ತಿದರೆ ಮರುದಿನ ಕೆಲಸಕ್ಕೆ.

ನಂದಿಕೆರೆಯ ಕೇಂದ್ರದಲ್ಲಿ ಈ ಯಂತ್ರ ನೋಡಿಕೊಳ್ಳುವವಳು ಸರ್ವಮಂಗಳ. ನೋಡಿಕೊಳ್ಳುವವಳು ಮಾತ್ರವಲ್ಲ, ಅವಳೇ ಅದರ ಮಾದರಿ ಕೈ. ನಂದಿಕೆರೆಯ ಧೂಳು, ಬಿಸಿಲು, ಕರೆಂಟಿನ ಚೇಷ್ಟೆಗೆ ಎಂಥ ಯಂತ್ರವೂ ಹದ ತಪ್ಪುತ್ತದೆ. ಅದಕ್ಕೆ ಪ್ರತಿ ಕೇಂದ್ರದಲ್ಲೂ ಆರೋಗ್ಯವಂತರೊಬ್ಬರ ಕೈಯನ್ನು ಒಮ್ಮೆ ಮೈಸೂರಿನಲ್ಲಿ ಪರೀಕ್ಷಿಸಿ, ಇದು ಸರಿಯಾದ ಕೈ ಎಂದು ಯಂತ್ರದ ತಲೆಗೆ ತುಂಬಿರುತ್ತಾರೆ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಆ ಕೈಯನ್ನು ತಟ್ಟೆಯಲ್ಲಿಡಬೇಕು. ನಿನ್ನೆಗಿಂತ ಇವತ್ತು ಕೈ ಕೊಂಚ ನಿಧಾನ, ಸ್ನಾಯುವಿನ ಸದ್ದು ಕೊಂಚ ಹೆಚ್ಚು ಎಂದು ಕಂಡರೆ, ಕೈ ಸರಿಯಾಗಿದೆ, ನನ್ನದೇ ತಪ್ಪು ಎಂದು ಯಂತ್ರ ತನ್ನ ಅಳತೆಯನ್ನು ಅಷ್ಟು ತಿದ್ದಿಕೊಳ್ಳುತ್ತದೆ. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ ಮೊದಲ ಪಾಠವೇ ಅದು: ಯಂತ್ರ ತಪ್ಪಬಹುದು, ಮಾದರಿ ಕೈ ತಪ್ಪುವುದಿಲ್ಲ.

ಆ ತರಬೇತಿಗೆ ಬಂದವರಲ್ಲೆಲ್ಲ ಮಂಗಳಳ ನರಗಳೇ ಚುರುಕು ಎಂದು ಬೆನ್ನು ತಟ್ಟಿ ಕಳಿಸಿದ್ದರು. ಅಂದಿನಿಂದ ಅವಳು ಆ ಬಲಗೈಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಳು. ಪಾತ್ರೆ ತಿಕ್ಕುವುದಿಲ್ಲ, ಭಾರ ಎತ್ತುವುದಿಲ್ಲ, ಬಳೆ ತೊಡುವುದಿಲ್ಲ. ಕಾಲೋನಿಯ ಹೆಂಗಸರು ‘ಸರ್ಕಾರಿ ಕೈ’ ಎಂದು ತಮಾಷೆ ಮಾಡಿದರೆ ಒಳಗೊಳಗೇ ಹಿಗ್ಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದು ಎರಡೇ, ಈ ಕೈ ಮತ್ತು ತಂಗಿ ಹೇಮಾವತಿ.

ಹೇಮಾವತಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಮಂಗಳಳೇ. ಮನೆಯ ಪಾತ್ರೆ, ಬಟ್ಟೆ, ನೀರು ಎಲ್ಲ ಹೇಮಳ ಪಾಲು. ಅದರ ಮೇಲೆ ಬ್ಯಾಟರಿಗೆ ಹಾಕುವ ತೆಳು ಹಾಳೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಊರು ಇರುವುದೇ ಆ ಕಾರ್ಖಾನೆಗಾಗಿ. ಕಾಲೋನಿಯ ಮನೆಗಳು ಅದರವು, ದೀಪ ಅದರದು, ನಲ್ಲಿಯ ನೀರೂ ಅದರದೇ. ಹಾಳೆ ತೊಳೆದ ನೀರನ್ನು ಶುದ್ಧಮಾಡಿ ಮನೆಮನೆಗೆ ಬಿಡುತ್ತಾರೆ. ಕುಡಿಯಲು ಸಿಹಿ, ಬೇಳೆ ಬೇಗ ಬೇಯುತ್ತದೆ ಎಂದು ಎಲ್ಲರಿಗೂ ಅದರ ಮೇಲೆ ಪ್ರೀತಿ.

ದೀಪಾವಳಿಯ ಹೊತ್ತಿಗೆ ಹೇಮಳ ಪಾದ ಉರಿಯತೊಡಗಿತು. ಮೊದಲು ಅಂಗಾಲು, ಆಮೇಲೆ ಬೆರಳು, ಆಮೇಲೆ ಕೈ. ಕೆಂಡ ತುಳಿದಂತಾಗುತ್ತದೆ ಎಂದು ಬಚ್ಚಲಲ್ಲಿ ಕಾಲಿಗೆ ನೀರು ಸುರಿದುಕೊಂಡು ಕೂರುವಳು. ಲೋಟ ಹಿಡಿದರೆ ಜಾರುವುದು. ಒಂದು ಸಂಜೆ ಕಾರ್ಖಾನೆಯ ಬಸ್ಸಿಳಿದು ಮನೆಗೆ ಬಂದವಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲೇ ಇನ್ನೊಂದು ಎಂದು ಮಂಗಳ ಕೇಳಿದಾಗ ಅವಳೂ ಬಗ್ಗಿ ನೋಡಿ ಬೆರಗಾದಳು. ದಾರಿಯಲ್ಲಿ ಎಲ್ಲಿ ಕಳಚಿತೋ ಅವಳಿಗೇ ಗೊತ್ತಿರಲಿಲ್ಲ. ಮಂಗಳ ನಕ್ಕುಬಿಟ್ಟಳು. ಯಾರ ಧ್ಯಾನದಲ್ಲಿದ್ದೆ ಎಂದು ಛೇಡಿಸಿದಳು.

ತನ್ನ ರವಿಕೆಯ ಗುಂಡಿ ಹಾಕಿಕೊಳ್ಳಲು ಮಂಗಳಳಿಗೂ ಈಚೆಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಅವಳು ಬೈದದ್ದು ದರ್ಜಿಯನ್ನು.

ಕೊನೆಗೆ ಹೇಮ ಕೇಂದ್ರಕ್ಕೆ ಬಂದಳು. ಅಕ್ಕನ ಯಂತ್ರ, ಅಕ್ಕನೇ ಮುಂದೆ ನಿಂತಿದ್ದಾಳೆ, ಇನ್ನೇನು ಭಯ ಎಂಬಂತೆ ಸಲೀಸಾಗಿ ಕೈ ಚಾಚಿದಳು. ಮಂಗಳಳಿಗೆ ಮಾತ್ರ ಭಯವಿತ್ತು. ಕೆಂಪು ಬಂದರೆ ತಂಗಿಗೆಂದು ಬಣ್ಣ ಬದಲಿಸಿದಳು ಎಂದು ಊರು ಆಡಿಕೊಳ್ಳುತ್ತದೆ. ಹಾಗಾಗಿ ಆ ದಿನ ಬೆಳಿಗ್ಗೆ ತನ್ನ ಕೈಯನ್ನು ಒಂದು ಸಲದ ಬದಲು ಎರಡು ಸಲ ಇಟ್ಟು ಯಂತ್ರವನ್ನು ತಿದ್ದಿದ್ದಳು. ಅಷ್ಟು ಪ್ರಾಮಾಣಿಕಳು.

ಚುರುಕು ಓಡಿತು, ಸೂಜಿ ಇಳಿಯಿತು, ದೀಪ ಹತ್ತಿತು. ಹಸಿರು.

ಹೇಮ ದೀಪವನ್ನೂ ಅಕ್ಕನನ್ನೂ ನೋಡಿದಳು. ಇನ್ನೊಂದು ಸಲ ನೋಡು ಎಂದಳು. ಮಂಗಳ ಇನ್ನೊಂದು ಸಲ ನೋಡಿದಳು. ಮತ್ತೆ ಹಸಿರು.

“ಆ ದೀಪ ಬಿಡಕ್ಕ,” ಎಂದಳು ಹೇಮ. “ನನ್ನ ಮುಖ ನೋಡಿ ಹೇಳು. ನಾನು ಸುಳ್ಳು ಹೇಳ್ತಾ ಇದೀನಾ?”

ಮಂಗಳ ಅವಳ ಮುಖ ನೋಡಲಿಲ್ಲ. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು, ಬಾಗಿಲು ಅರೆ ತೆರೆದಿತ್ತು. “ನಿನ್ನ ಮುಖ ನೋಡಿ ಯಾರೂ ರಜೆ ಕೊಡಲ್ಲ ಹೇಮ,” ಎಂದಳು. ಬೇಕೆಂದೇ ಹೊರಗಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. ಆ ಹೊತ್ತು ಅವಳಿಗೆ ತಂಗಿಯ ಮೇಲೆ ಮರುಕಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಎರಡು ಹಸಿರು ಬಿದ್ದವರನ್ನು ಕಾರ್ಖಾನೆ ಬಿಸಿ ಪ್ರೆಸ್ಸಿಗೆ ಹಾಕುತ್ತದೆ. ಅಲ್ಲಿ ಕಾದ ಹಾಳೆಗಳನ್ನು ಎತ್ತಿ ಜೋಡಿಸಬೇಕು. ಯಾರೂ ತಾವಾಗಿ ಹೋಗುವ ಜಾಗವಲ್ಲ. ಸುಳ್ಳು ನೋವಿನವರಿಗೆ ಅದು ಮದ್ದು ಎಂದು ಮೇಲ್ವಿಚಾರಕರು ನಗುತ್ತಾರೆ. ಹೇಮ ಹೋದಳು. ಅಕ್ಕನ ಜೊತೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಸೂರು, ಅನ್ನ ಬಡಿಸುವಾಗ ಕೂಡ ಮಾತಿಲ್ಲ. ಒಳಕೋಣೆಯಿಂದ ಸಣ್ಣಗೆ ಮುಲುಗುವುದು ಕೇಳಿದರೂ ಮಂಗಳ ಎದ್ದು ಹೋಗುತ್ತಿರಲಿಲ್ಲ. ಹಸಿರು ಬಂದಿದೆಯಲ್ಲ, ಇದು ನನ್ನ ಮೇಲಿನ ಹಟ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಹಾಗೆಯೇ ಚಳಿ ಕಳೆಯಿತು. ಸಂಕ್ರಾಂತಿ ಆದ ಮೇಲೆ ಮುಲುಗು ಕಡಿಮೆಯಾಯಿತು. ಶಿವರಾತ್ರಿಯ ಹೊತ್ತಿಗೆ ನಿಂತೇ ಹೋಯಿತು. ಹೇಮ ಬಚ್ಚಲಲ್ಲಿ ಕಾಲಿಗೆ ನೀರು ಸುರಿದುಕೊಂಡು ಕೂರುವುದನ್ನು ಬಿಟ್ಟಳು. ಊಟ ಹೆಚ್ಚಿತು, ನಿದ್ದೆ ಹೆಚ್ಚಿತು, ಒಂದು ದಿನ ತಾನಾಗಿ ಅಕ್ಕ ಎಂದು ಕರೆದಳು. ಮಂಗಳಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡಳು. ಮಾತಾಡಿಸಿದ್ದೇ ಹೆಚ್ಚು.

ಯುಗಾದಿಯ ದಿನ ಇಬ್ಬರೂ ಸೇರಿ ಒಬ್ಬಟ್ಟು ಮಾಡಿದರು. ಹೇಮ ಕಾದ ಹಂಚಿನ ಮೇಲಿನ ಒಬ್ಬಟ್ಟನ್ನು ಬರಿ ಬೆರಳಲ್ಲಿ ತಿರುವಿ ಹಾಕುತ್ತಿದ್ದಳು. ಸುಡುವುದಿಲ್ಲವೇನೇ ಎಂದರೆ ನಕ್ಕಳು.

“ಪ್ರೆಸ್ಸಿನಾಗೆ ನನಗೆ ಗ್ಲೌಸೇ ಬ್ಯಾಡ ಕಣಕ್ಕ. ಬರೀ ಕೈಯಾಗೆ ಎತ್ತಿಡ್ತೀನಿ. ನಿನ್ನಂಥೋಳು ಇನ್ನೊಬ್ಬಳು ಇಲ್ಲ ಅಂತ ಸೂಪರ್‌ವೈಸರು ಎಲ್ಲಾರ ಮುಂದೆ ಹೇಳಿದ್ರು.”

ಮಂಗಳ ತುಪ್ಪ ಹಾಕಿ ಮೊದಲ ಒಬ್ಬಟ್ಟನ್ನು ತಂಗಿಯ ಬಾಯಿಗೆ ಇಟ್ಟಳು. ಈ ಹುಡುಗಿ ಕೊನೆಗೂ ಗಟ್ಟಿಯಾದಳು ಎಂದು ಅವಳ ಕಣ್ಣಲ್ಲಿ ನೀರು ಬಂತು. 

ಹಬ್ಬ ಕಳೆದ ವಾರವೇ ಯಂತ್ರದ ಮುಚ್ಚಳ ಕೆಟ್ಟಿತು. ದುರಸ್ತಿಗೆ ಮೈಸೂರಿನಿಂದ ಫಯಾಜ್ ಎಂಬ ಇಂಜಿನಿಯರ್ ಬಂದ. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ದುರಸ್ತಿ ಮುಗಿದಾಗ ಮಂಗಳ ಊಟಕ್ಕೆಂದು ಮನೆಗೆ ಹೋಗಿದ್ದಳು. ಅವಳು ಬರುವವರೆಗೆ ಕೈಕಟ್ಟಿ ಕೂರುವುದೇಕೆಂದು ಅವನು ತನ್ನದೇ ಕೈಯನ್ನು ತಟ್ಟೆಯಲ್ಲಿಟ್ಟು ನೋಡಿದ. ಎರಡೂ ದೀಪ ಹತ್ತಲಿಲ್ಲ. ಮಿತಿ ಮೀರಿದೆ, ಯಂತ್ರವನ್ನು ಮಾದರಿ ಕೈಯಿಂದ ತಿದ್ದಿರಿ ಎಂದು ಪರದೆ ಹೇಳಿತು. ಅವನ ನರ, ಯಂತ್ರದ ಲೆಕ್ಕದಲ್ಲಿ, ಮನುಷ್ಯರಿಗೆ ಇರಲಾರದಷ್ಟು ವೇಗವಾಗಿತ್ತು.

ಮಂಗಳ ಬರುವಷ್ಟರಲ್ಲಿ ಅವನು ಮುಚ್ಚಳವನ್ನು ಮತ್ತೆ ಬಿಚ್ಚಿ ಕೂತಿದ್ದ. ವಿಷಯ ತಿಳಿದು ಅವಳು ನಕ್ಕಳು. ಧೂಳಿಗೆ ಹದ ತಪ್ಪಿರಬೇಕು, ಪಕ್ಕಕ್ಕೆ ಸರಿಯಿರಿ ಎಂದು ಮುಚ್ಚಳ ಕೂರಿಸಿ ತನ್ನ ಕೈ ಇಟ್ಟಳು. ಹಸಿರು. ನೋಡಿ ಎಂಬಂತೆ ಅವನತ್ತ ತಿರುಗಿದಳು. ಅವನು ನಗಲಿಲ್ಲ. ಕೊನೆಯ ಸಲ ಮೈಸೂರಲ್ಲಿ ಕೈ ತೋರಿಸಿದ್ದು ಯಾವಾಗ ಎಂದು ಕೇಳಿದ. ವರ್ಷಕ್ಕೊಮ್ಮೆ ಕರೆಸಬೇಕೆಂಬ ನಿಯಮವೊಂದಿತ್ತು. ಮೊದಲ ವರ್ಷ ಕರೆಸಿದ್ದರು. ಆಮೇಲೆ ಅದು ಅವರಿಗೂ ನೆನಪಾಗಲಿಲ್ಲ, ಇವಳಿಗೂ ಆಗಲಿಲ್ಲ. ಚೆನ್ನಾಗಿರುವ ಕೈಯನ್ನು ಮತ್ತೆ ಮತ್ತೆ ನೋಡುವುದೇನಿದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಅವನು ಯಂತ್ರದಿಂದ ಅವಳ ಕೈಯ ಲೆಕ್ಕವನ್ನು ತೆಗೆದುಹಾಕಿ, ತಯಾರಾದ ದಿನದ ಅಳತೆಗೆ ತಂದು ನಿಲ್ಲಿಸಿದ. ತನ್ನ ಕೈ ಇಟ್ಟ. ಹಸಿರು. ಅವಳ ಕೈ ಇಡಿಸಿದ. ಕೆಂಪು. ಆಮೇಲೆ ಸ್ಪೀಕರಿನ ಬೀಗ ತೆಗೆದ.

ಚಟಪಟ, ಚಟಪಟ ಎಂದು ಕೋಣೆಯ ತುಂಬ ಸದ್ದು. ಮಂಗಳ ಕೈಯನ್ನು ಸಡಿಲ ಬಿಟ್ಟಳು, ಉಸಿರು ಬಿಗಿಹಿಡಿದಳು. ಸದ್ದು ನಿಲ್ಲಲಿಲ್ಲ. ತರಬೇತಿಯಲ್ಲಿ ಈ ಸದ್ದನ್ನು ಒಂದೇ ಒಂದು ಸಲ ಕೇಳಿಸಿದ್ದರು, ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ. ಅದು ನರ ಸತ್ತ ಸ್ನಾಯುವಿನ ಸದ್ದು, ಮತ್ತು ಅದು ಬರುತ್ತಿದ್ದುದು ಸರ್ಕಾರಿ ಕೈಯಿಂದ.

“ಇಲ್ಲಿ ನೀರು ಕುಡೀಬೇಡಿ ಅಂತ ನಮ್ಮ ಆಫೀಸಲ್ಲಿ ಹೇಳಿ ಕಳಿಸ್ತಾರೆ ಮೇಡಂ,” ಎಂದ ಫಯಾಜ್, ತನ್ನ ಚೀಲದಲ್ಲಿದ್ದ ಬಾಟಲಿಯತ್ತ ನೋಡುತ್ತ. “ಯಾಕೆ ಅಂತ ನಾನು ಕೇಳಿರಲಿಲ್ಲ.”

ಮಂಗಳಳಿಗೆ ಈಗ ಅರ್ಥವಾಯಿತು. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅವಳ ನರ ನಿಧಾನವಾಗಿದೆ. ಪ್ರತಿ ಬೆಳಿಗ್ಗೆ ಯಂತ್ರ ಅವಳನ್ನು ನಂಬಿ ತನ್ನನ್ನೇ ತಿದ್ದಿಕೊಂಡಿದೆ. ಅವಳು ಕುಡಿದ ನೀರನ್ನೇ ಕುಡಿದು, ಅವಳಷ್ಟೇ ಕೆಟ್ಟು, ಅವಳ ಮುಂದೆ ಕೈ ಚಾಚಿದವರಿಗೆಲ್ಲ ಅವಳು ಹಸಿರು ತೋರಿಸಿದ್ದಾಳೆ. ಎಷ್ಟು ಜನ ಅತ್ತರು, ಎಷ್ಟು ಜನ ಶಾಪ ಹಾಕಿದರು. ಸೋಗು ಹಾಕುತ್ತಾರೆ ಎಂದು ಅವಳು ಮೂಗು ಮುರಿದಿದ್ದಳು. ಆಮೇಲೆ ಒಬ್ಬಟ್ಟಿನ ಹಂಚು, ಅದರ ಮೇಲೆ ಹೇಮಳ ಬರಿ ಬೆರಳು ಕಣ್ಣ ಮುಂದೆ ಬಂದವು. 

ಪರದೆಯ ಮೇಲೆ ಜಿಲ್ಲೆಯ ಕಂಟ್ರೋಲ್ ರೂಮಿಗೆ ಕರೆ ಮಾಡಿದಳು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ನಿರಂಜನಮೂರ್ತಿ. ಅವರ ಬೆನ್ನ ಹಿಂದೆ ಗೋಡೆಯಗಲದ ನಕ್ಷೆ, ಅದರಲ್ಲಿ ಊರೂರಿನ ದೀಪಗಳು, ನಂದಿಕೆರೆ ಇದ್ದಲ್ಲಿ ಸೊಂಪಾದ ಹಸಿರು. ಅವರು ಕೆಟ್ಟವರಲ್ಲ. ಅವಳು ತಡವರಿಸಿ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು, ಕನ್ನಡಕ ತೆಗೆದು ಕಣ್ಣುಜ್ಜಿದರು, ನಿಮ್ಮ ಕೈಗೆ ಮೊದಲು ಚಿಕಿತ್ಸೆ ಆಗಲಿ ಎಂದರು. ಹೊರಗಿನ ಊರಿಂದ ಬೇರೆ ಮಾದರಿ ಕೈ ಕಳಿಸಿ ಎಂದು ಅವಳು ಬೇಡಿದಳು. ಅವರು ತಿರುಗಿ ಬೆನ್ನ ಹಿಂದಿನ ನಕ್ಷೆಯನ್ನು ನೋಡಿದರು.

“ಮಂಗಳಮ್ಮ, ಹತ್ತು ಜನ ಕೆಂಪಾದ್ರೆ ಅದು ರೋಗ. ಊರಿಗೆ ಊರೇ ಕೆಂಪಾದ್ರೆ ಯಂತ್ರ ಕೆಟ್ಟಿದೆ ಅಂತ ಮೇಲಿನವರು ನಿಮ್ಮ ಕೇಂದ್ರವನ್ನೇ ಮುಚ್ಚಿಸ್ತಾರೆ. ಆಮೇಲೆ ಕೆಂಪು ಯಾರಿಗೂ ಇಲ್ಲ. ಸ್ವಲ್ಪ ಕಾಲ ಕೊಡಿ ನನಗೆ.”

ಅಲ್ಲಿಯವರೆಗೆ ಏನು ಮಾಡಲಿ ಎಂದು ಅವಳು ಕೇಳಿದಳು. ಅಲ್ಲಿಯವರೆಗೆ ಹಳೆಯ ಪದ್ಧತಿಯೇ, ನಿಮ್ಮ ಕೈಯೇ ಎಂದರು. ಸಂಜೆ ಕೇಂದ್ರ ಮುಚ್ಚುವ ಹೊತ್ತಿಗೆ ಯಂತ್ರದ ಅಳತೆಯನ್ನು ಅಲ್ಲಿಂದಲೇ ಮೊದಲಿನಂತೆ ಮಾಡಿ ಬೀಗ ಹಾಕುವುದಾಗಿ ಹೇಳಿದರು. ದನಿಯಲ್ಲಿ ಗದರಿಕೆಯಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಪರದೆ ಆರಿದ ಮೇಲೆ ಮಂಗಳ ಲೆಕ್ಕ ಹಾಕಿದಳು. ಸಂಜೆಯವರೆಗೆ ಯಂತ್ರ ನಿಜ ಹೇಳುತ್ತದೆ. ಅಷ್ಟರಲ್ಲಿ ಹತ್ತಿದ ಕೆಂಪು ನೇರ ಕಾರ್ಖಾನೆಗೆ ಹೋಗುತ್ತದೆ, ಅದನ್ನು ಯಾರೂ ಹಿಂದಕ್ಕೆ ಕರೆಯಲಾರರು. ಒಂದು ಕೆಂಪು ಸಿಕ್ಕರೆ ಹೇಮ ಬಿಸಿ ಪ್ರೆಸ್ಸಿನಿಂದ ಹೊರಗೆ ಬರುತ್ತಾಳೆ, ಮೈಸೂರಿನ ಆಸ್ಪತ್ರೆಗೆ ಹೋಗುತ್ತಾಳೆ, ಬೇರೆ ನೀರು ಕುಡಿಯುತ್ತಾಳೆ. ಊರಿನವರನ್ನೆಲ್ಲ ಕರೆಯಬೇಕೆಂದು ಅವಳಿಗೆ ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಆದರೆ ಮೊದಲು ಬಾಯಿಗೆ ಬಂದದ್ದು ತಂಗಿಯ ಹೆಸರು. ಶಿಫ್ಟ್ ಮುಗಿದೊಡನೆ ಇತ್ತ ಬಾ ಎಂದು ಹೇಳಿ ಕಳಿಸಿದಳು. ಫಯಾಜ್ ಹೊರಡುವ ಹೊತ್ತಾಗಿತ್ತು. ಅವನು ಚೀಲವನ್ನು ಹೆಗಲಿನಿಂದ ಕೆಳಗಿಟ್ಟು, ಯಂತ್ರ ಹದ ತಪ್ಪದಂತೆ ನೋಡಿಕೊಳ್ಳಲು ಒಂದು ಒಳ್ಳೆಯ ಕೈ ಬೇಕಲ್ಲ, ನಾನಿರುತ್ತೇನೆ ಎಂದ.

ಹೇಮ ಬಂದಾಗ ಇನ್ನೂ ಬಿಸಿಲಿತ್ತು. ಕೈಯಲ್ಲಿ ಊಟದ ಡಬ್ಬಿ, ಮುಖದಲ್ಲಿ ನಗು. ಇಷ್ಟು ಅರ್ಜೆಂಟಾಗಿ ಕರೆಸಿದ್ದೇಕೆ, ಬಸ್ಸು ಕಾಯುತ್ತಿದೆ ಎಂದಳು. ಕೈ ತೋರಿಸು ಎಂದಳು ಮಂಗಳ.

“ನೋವು ಹೋಗಿ ಎಷ್ಟೋ ದಿನ ಆತಲ್ಲಕ್ಕ. ಈಗ್ಯಾಕೆ?”

ಮಂಗಳ ತಂಗಿಯ ಮಣಿಕಟ್ಟು ಹಿಡಿದು ತಟ್ಟೆಯಲ್ಲಿ ಇಟ್ಟಳು. ಅಂಗೈಯಲ್ಲಿ ಸುಟ್ಟು ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಮತ್ತೆ ಸುಟ್ಟ ಗುರುತುಗಳಿದ್ದವು. ಹೇಮ ಅವನ್ನು ಕಂಡೂ ಕಾಣದವಳಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಮುಚ್ಚಳ ಮುಚ್ಚಿತು.

ಪರದೆಯ ಮೇಲೆ ಅಕ್ಷರ ಮೂಡಿತು: ದಯವಿಟ್ಟು ಕೈ ಇಡಿ.

ಮಂಗಳ ಮುಚ್ಚಳ ತೆಗೆದು ಬೆರಳುಗಳನ್ನು ಬಿಡಿಸಿ, ಒತ್ತಿ ಕೂರಿಸಿ, ಮತ್ತೆ ಮುಚ್ಚಿದಳು. ದಯವಿಟ್ಟು ಕೈ ಇಡಿ. ಫಯಾಜ್ ಸುಮ್ಮನೆ ಹೇಮಳ ಕೈ ಸರಿಸಿ ತನ್ನ ಕೈ ಇಟ್ಟ. ಹಸಿರು, ತಡವಿಲ್ಲದೆ. ಯಂತ್ರ ಸರಿಯಾಗಿಯೇ ಇತ್ತು. ಬೆರಳ ತುದಿಯ ಚುರುಕು ಮಣಿಕಟ್ಟಿಗೆ ಬಂದು ಮುಟ್ಟಿದರೆ ಮಾತ್ರ ತಟ್ಟೆಯಲ್ಲಿ ಕೈಯಿದೆ ಎಂದು ಅದು ತಿಳಿಯುತ್ತದೆ. ಕೆಂಪು ಹತ್ತಬೇಕಾದರೂ ಮೊದಲು ಕೈಯಿರಬೇಕು. ಕೆಟ್ಟ ನರವನ್ನು ಅದು ಬಲ್ಲದು. ಇಲ್ಲದ ನರಕ್ಕೆ ಅದರಲ್ಲಿ ದೀಪವಿಲ್ಲ.

ಹೇಮಳ ಕೈಯನ್ನು ಮತ್ತೆ ಇಟ್ಟರು. ಮಂಗಳ ಗುಂಡಿ ಒತ್ತಿ ಕರೆಂಟನ್ನು ಒಂದು ಗೆರೆ ಏರಿಸಿದಳು, ಇನ್ನೊಂದು ಗೆರೆ ಏರಿಸಿದಳು. ಗಟ್ಟಿ ಗಂಡಸರು ಕಿರುಚಿ ಕೈ ಕಿತ್ತುಕೊಳ್ಳುವ ಗೆರೆ ದಾಟಿತು. ಪರದೆಯ ಮೇಲೆ ಅದೇ ಅಕ್ಷರ. ಯಂತ್ರದ ಕೊನೆಯ ಗೆರೆಗೆ ತಂದು ಅಲ್ಲೇ ಬೆರಳೊತ್ತಿ ಹಿಡಿದು, ಈಗಲಾದರೂ ಚೀರಲಿ, ಬೈಯಲಿ, ಎದ್ದು ತನ್ನ ಕೆನ್ನೆಗೆ ಹೊಡೆಯಲಿ ಎಂದು ಆ ಯಂತ್ರದ ಮುಂದೆ ಮೊದಲ ಸಲ ದೀಪ ಬಿಟ್ಟು ತಂಗಿಯ ಮುಖವನ್ನೇ ನೋಡುತ್ತ ನಿಂತಳು.

ಹೇಮ ಆಕಳಿಸಿದಳು. ಬಾಗಿಲಾಚೆ ಬಸ್ಸು ಹಾರನ್ ಮಾಡಿತು.

“ಶುರು ಮಾಡಕ್ಕ,” ಎಂದಳು. “ಎಷ್ಟೊತ್ತು ಅಂತ ಹಿಂಗೇ ಕೂತಿರ್ಲಿ?”